ಮೊದಲು ಉಸಿರು

ಹದಿನೇಳು ವರ್ಷ ಗಲ್ಲಾದ ಹಿಂದೆ ಕೂತವನು ನಾನು,
ಸಾತಾರಾ ರಸ್ತೆಯ ಹೋಟೆಲಿನಲ್ಲಿ.
ಮೇಜಿಗೆ ಬಿದ್ದ ಸದ್ದಿನಲ್ಲೇ ನಾಣ್ಯದ ಬೆಲೆ ಹೇಳಬಲ್ಲೆ.
ಎಂಜಿನ್ನಿನ ಸದ್ದು ಮಾತ್ರ
ನನಗೆ ಬರೀ ಸದ್ದು.

ಹರಾಜಿನಲ್ಲಿ ಹಿಡಿದದ್ದು ಈ ಟೋಯಿಂಗ್ ಗಾಡಿ.
ತೊಂಬತ್ತಮೂರನೇ ಇಸವಿಯದು. ಬಾಗಿಲ ಮೇಲೆ
ಕೆರೆದು ಕೆರೆದು ಉಳಿದ ಹಳೇ ಧಣಿಯ ಹೆಸರು:
ಶಿತೋಳೆಯಲ್ಲಿ ಶಿ ಹೋಗಿ, ಬರೀ ತೋಳೆ.
ಕೊಕ್ಕೆ ಗಟ್ಟಿ, ಸರಪಳಿ ಗಟ್ಟಿ.
ಘಾಟಿ ಬಂದರೆ ಮಾತ್ರ
ತನ್ನನ್ನೇ ಯಾರಾದರೂ ಎಳೆಯಲಿ ಎಂಬಂತೆ ನರಳುತ್ತಿತ್ತು.

ಬುಧವಾರ ಜುನಾ ಬಜಾರಿಗೆ ಹೋದೆ, ಚೀಟಿ ಹಿಡಿದು:
ಟರ್ಬೋ, ಇಂಟರ್‌ಕೂಲರ್, ದೊಡ್ಡ ನಾಜಲ್.
ಊಟದ ದುಡ್ಡು ಎಣಿಸುತ್ತ ಲಾರಿಯವರು
ವರ್ಷಗಟ್ಟಲೆ ಆಡಿದ್ದನ್ನೆಲ್ಲ
ಒಂದು ಬಿಲ್ಲಿನ ಹಿಂದೆ ಬರೆದಿಟ್ಟಿದ್ದೆ.
ಗೋಣಿಚೀಲದ ಮೇಲೆ ಕೂತಿತ್ತು ಟರ್ಬೋ,
ಕಬ್ಬಿಣದ ಬಸವನಹುಳ, ಸುರುಳಿ ಸುತ್ತಿಕೊಂಡು.
ಬೆರಳಲ್ಲಿ ಮೀಟಿದೆ. ಒಳಗಿನ ಚಕ್ರ ತಿರುಗಿತು,
ತಿರುಗುತ್ತಲೇ ಇತ್ತು,
ಅಷ್ಟರಲ್ಲಿ ನಾನು ಮೂರು ಘಾಟಿ ಹತ್ತಿ ಇಳಿದಿದ್ದೆ.
ಹನ್ನೆರಡು ಸಾವಿರ ಎಂದ. ಒಂಬತ್ತು ಎಂದೆ.
ಏನು ಕೊಳ್ಳುತ್ತಿದ್ದೇನೆಂದು ತಿಳಿಯದೆಯೂ
ಚೌಕಾಸಿ ಮಾಡಬಹುದೆಂದು ಅವತ್ತು ಗೊತ್ತಾಯಿತು.

ಬಸಲಿಂಗ ಮಿಸ್ತ್ರಿ ಅಕ್ಕಲಕೋಟದವರು,
ಕಾತ್ರಜ್ ಚೌಕದ ಹಿಂದೆ, ತಗಡಿನ ಕೆಳಗೆ ಅವರ ಅಂಗಡಿ.
ಟರ್ಬೋ ನೋಡಿದರು. ನನ್ನ ನೋಡಿದರು.
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು
"ಚಾಲೂ ಮಾಡ್ರಿ" ಅಂದರು.
ಆಯಿಲ್ ಹೊಯ್ಯುವ ಮುಚ್ಚಳ ತಿರುವಿ ತೆಗೆದು
"ಕೈ ಇಡ್ರಿ ಇಲ್ಲಿ. ಅಂಜಬ್ಯಾಡ್ರಿ, ಕಡಿಯಂಗಿಲ್ಲ."

ಅಂಗೈಗೆ ತಾಗಿತು
ಬೆಚ್ಚನೆಯ, ಎಣ್ಣೆ ನಾತದ ಉಸಿರು,
ಪುಸ್, ಪುಸ್, ಪುಸ್,
ಜ್ವರ ಬಂದ ಮಗುವಿನ ಮೂಗಿಗೆ ಕೈ ಹಿಡಿದಂತೆ.

"ಈ ಉಸುರು ಗಾಲಿಗೆ ಹೋಗಬೇಕಾಗಿದ್ದು.
ರಿಂಗ್ ಸವದಾವ. ಇದಕ್ಕ ಟರ್ಬೋ ಹಚ್ಚೋದಂದ್ರ
ತೂತು ಕೊಡಕ್ಕ ದೊಡ್ಡ ನಳ ಕೂಡಿಸಿದಂಗ."

ಬಿಲ್ಲಿನ ಹಿಂಬದಿ ಅವರು ಓದಲೇ ಇಲ್ಲ.
ಮುಂಬದಿ ಓದಿದರು: ಎರಡು ಇಡ್ಲಿ, ಒಂದು ವಡೆ, ಕಾಫಿ.
ಅದರ ಕೆಳಗೇ ಪೆನ್ಸಿಲಿನಲ್ಲಿ ಸೇರಿಸಿದರು:
ರಿಂಗ್ ಸೆಟ್, ಹೆಡ್ ಗ್ಯಾಸ್ಕೆಟ್, ರೇಡಿಯೇಟರ್,
ಬ್ರೇಕ್ ಲೈನರ್‌ಗೆ ಎರಡು ಸಲ ಅಡಿಗೆರೆ.
"ಹತ್ತಿಸೋದು ಎಂಜಿನ್ ಕೆಲಸ.
ಇಳಿಯಾಗ ಹಿಂದಿಂದ ನೂಕೋದು
ನೀವು ಪುಣ್ಯ ಕಟ್ಟಕೋಬೇಕಂತ ಎಳಕೊಂಡು ಬಂದ ಗಾಡಿನ."

ಹನ್ನೊಂದು ದಿನ ಎಂಜಿನ್ನು ಬಯಲಿಗೆ ಬಿದ್ದಿತ್ತು.
ಸೀಮೆಎಣ್ಣೆಯ ತಟ್ಟೆಯಲ್ಲಿ ಬೋಲ್ಟು ತೊಳೆದೆ,
ಗಾತ್ರ ನೋಡಿ ಸಾಲಾಗಿ ಇಟ್ಟೆ,
ಗಲ್ಲಾದ ಚಟ: ಒಂದರದು, ಎರಡರದು, ಐದರದು.
ಕೊನೆಗೆ ಒಂದು ಉಳಿಯಿತು.
ಮಿಸ್ತ್ರಿ ನಕ್ಕರು.
ನಗುತ್ತಲೇ ಅರ್ಧ ಎಂಜಿನ್ನು ಮತ್ತೆ ಬಿಚ್ಚಿದರು.

ಮೊದಲ ಕರೆ ರಾತ್ರಿ ಒಂದೂವರೆಗೆ.
ಹಳೇ ಸುರಂಗದ ಆಚೆ, ಶಿರವಳದ ಟೊಮೇಟೊ ಟೆಂಪೋ,
ಗೇರ್‌ಬಾಕ್ಸ್ ಕೈಕೊಟ್ಟು ರಸ್ತೆಯಂಚಿಗೆ ವಾಲಿತ್ತು.
ಎರಡನೇ ಗೇರಿನಲ್ಲಿ ಹತ್ತಿದೆವು, ನಡೆಯುವವರ ವೇಗದಲ್ಲಿ.
ಹಾಲಿನ ಟ್ಯಾಂಕರೊಂದು ಬೈದು ಮುಂದೆ ಹೋಯಿತು.
ರಸ್ತೆಗಿಂತ ಹೆಚ್ಚು ನಾನು ನೋಡಿದ್ದು ಕಾವಿನ ಮುಳ್ಳನ್ನು.
ಅದು ಅರ್ಧಕ್ಕೆ ಬಂದು ಕೂತಿತು, ಏಳಲಿಲ್ಲ.
ಸುರಂಗದೊಳಗೆ ನಮ್ಮ ಸದ್ದು ನಮಗೇ ಮರಳಿತು,
ಅದರಲ್ಲಿ ಆರು ಸದ್ದು ಬೇರೆ ಬೇರೆ ಕೇಳಿದವು,
ಅಥವಾ ಹಾಗೆ ಅನ್ನಿಸಿತು.
ಇಳಿಜಾರಿನಲ್ಲಿ ಎರಡು ಟನ್ ಟೊಮೇಟೊ
ಬೆನ್ನಿಗೆ ಕೈಯಿಟ್ಟು ನೂಕಿತು.
ಕಾಲು ಬ್ರೇಕಿನ ಮೇಲೆ. ಕೆಳಗೆ ಪುಣೆಯ ದೀಪಗಳು,
ಯಾರೋ ಚಿಲ್ಲರೆ ಚೆಲ್ಲಿಕೊಂಡ ಹಾಗೆ.

ಟೆಂಪೋದ ಹುಡುಗ, ಭಾನುದಾಸ, ಇಳಿದು ಕೇಳಿದ:
ಇಷ್ಟು ಹಳೇ ಗಾಡಿ, ಏನು ಹಾಕಿಸಿದ್ದೀರಿ ಇದಕ್ಕೆ?

ಬಾನೆಟ್ ಎತ್ತಿದರೂ ಕಾಣುವಂಥದು ಏನಿರಲಿಲ್ಲ.
ಸೀಟಿನ ಹಿಂದಿನಿಂದ ಟರ್ಬೋ ತೆಗೆದು ಕೊಟ್ಟೆ.
ಬೆರಳಲ್ಲಿ ಮೀಟಿದ.
ಅದು ನಿಲ್ಲುವವರೆಗೆ
ಇಬ್ಬರೂ ಕಾದೆವು.