ಎರಡಿಂಚಿನ ತುಂಡು

ಡಾರ್ಕಸ್ ಸ್ಟ್ರೂಬಲ್‌ಳ ಎಡ ಮೊಣಕಾಲು ನನಗೆ ಚೆನ್ನಾಗಿ ಗೊತ್ತು.
ವಾರಕ್ಕೆರಡು ಸಲ ಮಡಚಿ ಬಿಡಿಸುವವಳು ನಾನೇ.
ಬಂದೂಕಿನ ಮಾತು ಬಂದದ್ದು ಅಲ್ಲಿ,
ಅವಳು ನೋವಿಗೆ ಹಲ್ಲು ಕಚ್ಚಿದ್ದಾಗ:
'ನಮ್ಮಣ್ಣನದೊಂದಿದೆ. ಮೂಲೆಯಲ್ಲಿ ನಿಂತೂ ನಿಂತೂ
ನನ್ನ ಹಾಗೇ ಆಗಿದೆ. ಬೇಕಾ?'

ಮಗಳಿಗೆ ಹನ್ನೆರಡು.
ಏಪ್ರಿಲ್‌ನಲ್ಲಿ ಮಕ್ಕಳಿಗೆಂದೇ ಬಿಟ್ಟ ಒಂದು ಶನಿವಾರ
ಗೆಳತಿಯ ಅಪ್ಪನ ಜೊತೆ ಟರ್ಕಿ ಬೇಟೆಗೆ ಹೋಗುತ್ತಾಳಂತೆ.
ಬೇಡವೆನ್ನಲು ಮೂರು ಕಾರಣ ಹೊಂದಿಸಿಟ್ಟಿದ್ದೆ.
ಮೂರಕ್ಕೂ ಅವಳ ಬಳಿ ಉತ್ತರವಿತ್ತು.
ವೆಲ್ಸ್‌ಬರೋದ ಗ್ಯಾಸ್ ದೀಪಗಳ ಬೀದಿಯಲ್ಲಿ
ಅಂಗಡಿಯವನು ಕಾಗದ ತುಂಬಿಸಿ, ಫೋನು ಹಚ್ಚಿ,
ನನ್ನ ಹೆಸರನ್ನು ನಾಲ್ಕು ಥರ ಮುರಿದು, ಕಾದು,
ಕಡೆಗೆ 'ಆಯಿತು' ಅಂದ.

ಗ್ಯಾರೇಜಿನಲ್ಲಿ ಹಳೇ ಲುಂಗಿ ಹಾಸಿ ಮಲಗಿಸಿದೆ.
ಒಳಗೆ ತೋಟಾ ಇಲ್ಲವೆಂದು ಎರಡು ಸಲ ನೋಡಿ,
ನೋಡಿದ್ದು ಸಾಲದೆ ಕಿರುಬೆರಳಿಟ್ಟು ಮುಟ್ಟಿ,
ಆಮೇಲೆ ಔಷಧಿ ಸವರಿದರೆ, ವಾರ್ನಿಷ್
ಕಾದ ಹಾಲಿನ ಕೆನೆಯಂತೆ ಸುಕ್ಕು ಸುಕ್ಕಾಗಿ ಎದ್ದಿತು.
ಕೆಳಗೆ ಎರಡು ಮರ.
ಉದ್ದಕ್ಕೂ ಕಂದು ಆಕ್ರೋಟ್,
ಹೆಗಲಿಗೆ ಆನುವ ಕಡೆ ಮಾತ್ರ ಬಿಳಿಚಿದ ಮೇಪಲ್,
ಎರಡಿಂಚು, ಅಷ್ಟೇ.

ರಬ್ಬರು ತೆಗೆದೆ. ಉದ್ದನೆಯ ಎರಡು ತಿರುಪು.
ತುಂಡು ಕೈಗೆ ಬಂತು, ಹಾಲುಹಲ್ಲಿನಂತೆ ಸುಲಭವಾಗಿ.
ಗರಗಸದ ಗೆರೆ ಹಾಗೇ ಇದ್ದ ಮರದ ಮುಖದ ಮೇಲೆ
ಯಾರೋ ಮೊಳೆಯಿಂದ ಕೆತ್ತಿದ್ದರು:
ಡಿ. ಎಸ್. ೧೯೭೧.

ಯಾವುದೋ ಮಗುವಿಗೆಂದು ಕುಯ್ದದ್ದು.
ಮಗು ಬೆಳೆದ ಮೇಲೆ ಉದ್ದ ಮಾಡಿದ್ದು.
ಈಗ ನನ್ನ ಲುಂಗಿಯ ಮೇಲೆ ಮತ್ತೆ ಗಿಡ್ಡ,
ನೀಲಾಂಬಿಕೆಯ ತೋಳಿಗೆ ಸರಿಯಾದ ಅಳತೆ.
ಇಷ್ಟು ಸರಿಹೋಗುವುದು ನನಗೆ ಬೇಕಿರಲಿಲ್ಲ.

ಮುಂದಿನ ಮಂಗಳವಾರ ಮೊಣಕಾಲು ಮಡಚುತ್ತ ಕೇಳಿದೆ,
'ನಿನ್ನ ಅಣ್ಣನ ಹೆಸರೇನು?'
'ಡ್ವೈಟ್' ಅಂದಳು, ಗೋಡೆ ನೋಡುತ್ತ.
ಅದೂ ಡಿ.
ನಾನು ಎಣಿಸುವುದನ್ನು ಮುಂದುವರಿಸಿದೆ, ಎಂಟು, ಒಂಬತ್ತು.

ಕೊಳವೆಗೆ ನೀಲಿ ಹಿಡಿಸುವ ಕೆಲಸ ಸರಿಬರಲಿಲ್ಲ.
ಹಚ್ಚು, ಒರೆಸು, ತಿಕ್ಕು, ಮತ್ತೆ ಹಚ್ಚು.
ಮೊದಲು ಬದನೆಕಾಯಿ ಬಣ್ಣ, ಆಮೇಲೆ
ಬಹಳ ಸಲ ಒಗೆದ ಇಳಕಲ್ ಸೀರೆಯ ಕಪ್ಪು,
ಅದರಾಚೆ ಹೋಗಲೊಲ್ಲದು.
ಬಾಯಿಯ ಹತ್ತಿರ ತುಕ್ಕು ತಿಂದ ಗುಳಿಗಳು
ಸಿಡುಬಿನ ಕಲೆಯಂತೆ ಉಳಿದವು. ಉಳಿಯಲಿ.

ಮರಕ್ಕೆ ಅಗಸಿ ಎಣ್ಣೆ.
ಅಂಗೈ ಸುಡುವ ತನಕ ಉಜ್ಜಿದೆ.
ಮಗಳು ಒಳಗಿಂದಲೇ ಮೂಗರಳಿಸಿ ಬಂದಳು,
'ಅಜ್ಜಿ ಚಟ್ನಿ ಕಳಿಸಿದಾಳಾ?'
ರೊಟ್ಟಿಗೆ ಹಚ್ಚಿ ಬೆಳೆದ ವಾಸನೆ
ಇಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆ ಬರೆಸಿಕೊಂಡು ಬರುತ್ತದೆ:
ನುಂಗಬಾರದು.
ಖಂಡೇನವಮಿಗೆ ಅವ್ವ ಒನಕೆಗೂ ಕುಂಕುಮ ಇಡುತ್ತಿದ್ದಳು,
ಹೊಲಿಗೆ ಮಷೀನಿಗೂ. ಇದಕ್ಕೆ ಇಡುತ್ತಿದ್ದಳೇ?
ಕೇಳಲು ಫೋನು ಎತ್ತಿ, ಹವಾಮಾನ ಮಾತಾಡಿ ಇಟ್ಟೆ.

ಕೊಳವೆಯ ತುದಿಯಲ್ಲಿದ್ದದ್ದು ಹಿತ್ತಾಳೆಯ ಮಣಿ,
ಮೂಗುಬೊಟ್ಟಿನಷ್ಟು.
ಬಟ್ಟೆ ಸುತ್ತಿ ಇಕ್ಕಳದಿಂದ ತಿರುವಿದೆ,
ಬರುವಾಗ ಕೀಚ್ ಎಂದಿತು.
ಅಲ್ಲಿ ಹೊಸ ಗುರಿಕಡ್ಡಿ: ಗಿಣಿಹಸಿರು ಬೆಳಕಿನ ಎಳೆ.
ಕಣ್ಣ ಹತ್ತಿರ ಎರಡು ಕೆಂಪು.
ಕೆಂಪಿನ ನಡುವೆ ಹಸಿರು ಕೂತರೆ ಆಯಿತು,
ಇದಕ್ಕಿಂತ ಹೆಚ್ಚು ಯೋಚನೆ ಬೇಡ ಎನ್ನುತ್ತದೆ ಪೆಟ್ಟಿಗೆಯ ಚೀಟಿ.

ಮಣಿಯನ್ನು ಡಾರ್ಕಸ್‌ಳ ಅಂಗೈಗೆ ಹಾಕಿದೆ.
ನೋಡಲಿಲ್ಲ, ಮುಷ್ಟಿ ಮುಚ್ಚಿದಳು.
'ಬಲಕ್ಕೆ ಒಂದು ಚೂರು ಎಳೆಯುತ್ತದೆ' ಅಂದಳು, 'ನಿನ್ನ ಹುಡುಗಿಗೆ ಹೇಳು.'

ಮೇಪಲ್ ತುಂಡಿಗೂ ಒಂದು ಕೈ ಎಣ್ಣೆ ಹಚ್ಚಿ
ತಿರುಪುಗಳ ಸಮೇತ ಬೀಗದ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಒದೆತ ಬೀಳುವ ಜಾಗ ನನಗೆ ಗೊತ್ತು,
ಕೊರಳೆಲುಬಿನ ಕೆಳಗಿನ ಆ ಮೆತ್ತನೆಯ ಗುಳಿ.
ಅಲ್ಲಿಗೆ ಹೊಂದಿಸಿ, ಮೊಣಕೈ ಇಳಿಸಿ,
ಕೆನ್ನೆ ಮರಕ್ಕೆ ತಾಗಿಸಿ ಹಿಂದೆ ಸರಿದೆ.
ಖಾಲಿ ಬಂದೂಕು, ಖಾಲಿ ಗೋಡೆ.

'ಅವ್ವಾ, ಟರ್ಕಿಗೂ ಹಸಿರು ಕಾಣುತ್ತಾ?'
'ಕಾಣುತ್ತದಂತೆ. ನಮಗಿಂತ ಚೆನ್ನಾಗಿ.'
'ಹಾಗಾದರೆ ಅದಕ್ಕೂ ನಾನು ಕಾಣುತ್ತೀನಿ'
ಅಂದಳು. ಕೊಳವೆ ಇಳಿಸಲಿಲ್ಲ.