ಅರ್ಧ ಗಂಟೆ ಕಡಿಮೆ

ಅಗಸ್ಟಾದ ಈ ಕಚೇರಿಗೆ ಮಕ್ಕಳು ಬರುವುದಿಲ್ಲ.
ಬರುವುದು ಅವರ ಮನೆ ಹೊಕ್ಕುಬಂದ ಕಾಗದ.
ಮೂರನೇ ಮಹಡಿ. ಕಿಟಕಿಯಾಚೆ ಹೆಪ್ಪುಗಟ್ಟಿದ ಹೊಳೆ,
ಮೇಜಿನ ಮೇಲೆ ಮೊಹರು, ಸ್ಟೇಪ್ಲರ್,
ಹದಿನಾಲ್ಕು ವರ್ಷದಿಂದ ನಾನು.

ನನ್ನ ಕೆಲಸ ಕೂಡುವುದು.
ಮೂರು ತುಂಬದ ಮಕ್ಕಳ ಮನೆಗೆ ಹೋಗಿ
ನಡೆಯದ ಕಾಲಿಗೆ, ಹೊರಳದ ನಾಲಿಗೆಗೆ
ದಾರಿ ಹುಡುಕುವವರು
ಮೊದಲು ನನ್ನ ಲೆಕ್ಕದಲ್ಲಿ ಪಾಸಾಗಬೇಕು:
ಮೇಲ್ವಿಚಾರಕರ ಕಣ್ಣೆದುರು ನೂರಿಪ್ಪತ್ತು ಗಂಟೆ,
ಮಗು ಎದ್ದಿರಬೇಕು, ಎದುರಿಗಿರಬೇಕು.
ನೂರಿಪ್ಪತ್ತು ಅಂದರೆ ನೂರಿಪ್ಪತ್ತೇ.

ಓಡಿಲ್ ಮಿಶೋ ಎಂಬಾಕೆಯ ಫೈಲು ಫೆಬ್ರವರಿಯಲ್ಲಿ ಬಂತು,
ಉತ್ತರದ ಗಡಿಯಿಂದ. ವಯಸ್ಸು ನಲವತ್ತಮೂರು.
ಹಿಂದಿನ ಕೆಲಸ: ಆಲೂಗಡ್ಡೆ ಶೆಡ್ಡಿನಲ್ಲಿ
ಓಡುವ ಬೆಲ್ಟಿನಿಂದ ಕೊಳೆತದ್ದು ಆರಿಸಿ ಬಿಸಾಡುವುದು.
ಉಳಿದವರು ಒಂದೊಂದು ಸಾಲು ಬರೆಯುವ ದಿನಚರಿಯಲ್ಲಿ
ಈಕೆ ಹಾಳೆಯ ಅಂಚಿಗೂ ಅಕ್ಷರ ಹತ್ತಿಸಿದ್ದಳು:

"ಆಟಿಕೆಯ ಚೀಲ ಕಾರಿನಲ್ಲೇ ಬಿಡು ಅಂದರು ಬರ್ನೀಸ್ ಸಿರ್ ಮೇಡಂ.
ಎಂಬತ್ತು ಡಾಲರ್ ಕೊಟ್ಟು ಕೊಂಡದ್ದು.
ನೀನು ಹೋದರೆ ನಿನ್ನ ಚೀಲವೂ ಹೋಗುತ್ತೆ,
ಆಮೇಲೆ ಮಗು ಏನು ಹಿಡಿದು ನಿಲ್ಲಬೇಕು? ಅಂದರು.
ಡಿಕ್ಕಿಯಲ್ಲಿರುವ ಬ್ಯಾಟರಿಯ ಬಾತುಕೋಳಿ
ಗುಂಡಿ ಬಂದಾಗಲೆಲ್ಲ ಕ್ವಾಕ್ ಅನ್ನುತ್ತೆ.
ಮನೆ ಮುಟ್ಟುವ ತನಕ ಬೈಸಿಕೊಂಡೆ."

"ಇವತ್ತು ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ.
ಎತ್ತಿ ನಿಲ್ಲಿಸೋಣ ಅಂತ ಅವು ತುರಿಸುತ್ತಿದ್ದವು."

"ರೆಮಿಗೆ ಇಪ್ಪತ್ತೆರಡು ತಿಂಗಳು.
ಅವನಮ್ಮ ಜೋಲೀನ್ ಆಲೂಗಡ್ಡೆ ಬುಟ್ಟಿಯನ್ನು
ನೆಲದಿಂದೆತ್ತಿ ಕುರ್ಚಿಯ ಮೇಲಿಟ್ಟಳು. ನಾನು ಹೇಳಿರಲಿಲ್ಲ.
ಅವನು ನೋಡಿದ. ಅಷ್ಟೇ.
ನೋಡಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು?"

ಅಂಥ ಕಾಲಮ್ಮು ನಮ್ಮಲ್ಲಿಲ್ಲ.
ಕೂಡಿದೆ. ನೂರ ಹತ್ತೊಂಬತ್ತೂವರೆ.
ಮತ್ತೆ ಕೂಡಿದೆ, ಕೆಳಗಿನಿಂದ ಮೇಲಕ್ಕೆ.
ಜನವರಿ ಒಂಬತ್ತರ ಮುಂದೆ ಅವಳೇ ಬರೆದಿದ್ದಳು:
"ಕೊನೆಯ ಅರ್ಧ ಗಂಟೆ ಸೇರಿಸಿಲ್ಲ. ಮಗು ನಿದ್ದೆಹೋಯಿತು.
ಜೋಲೀನ್ ಅತ್ತಳು. ಪಾತ್ರೆ ಒರೆಸಿಕೊಡುತ್ತಾ ಕೇಳಿದೆ.
ಕೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ."

ಒಂದಂಕಿ ತಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?
ತಿದ್ದುವವರಿದ್ದಾರೆ, ನನಗೇನು ತಿಳಿಯದೆ?
ಎಲ್ಲರ ಮಕ್ಕಳೂ ಪ್ರತಿ ಭೇಟಿಗೂ
ಕಣ್ಣರಳಿಸಿ ಕೂತಿರುವುದಿಲ್ಲ.
ಪೆನ್ಸಿಲ್ಲು ನನ್ನ ಕೈಯಲ್ಲೂ ಇತ್ತು.
ಸ್ಯಾಂಡ್‌ವಿಚ್ ತಿಂದೆ. ಅದರ ರುಚಿ ನೆನಪಿಲ್ಲ.
ಫೈಲು ವಾಪಸು ಕಳಿಸಿದೆ.
ಕಾರಣ: ಅರ್ಧ ಗಂಟೆ ಕಡಿಮೆ.

ಆ ಅರ್ಧ ಗಂಟೆಗಾಗಿ ಮೇಲ್ವಿಚಾರಕಿ ಇನ್ನೊಮ್ಮೆ
ತೊಂಬತ್ತು ಮೈಲಿ ಹಿಮದಲ್ಲಿ ಗಾಡಿ ಓಡಿಸಬೇಕು.
ಗೊತ್ತಿತ್ತು. ಮೂರು ರಾತ್ರಿ
ಹವಾಮಾನದ ವರದಿ ನೋಡಿ ಮಲಗಿದೆ.

ಮಾರ್ಚಿನಲ್ಲಿ ಬಂದದ್ದು ಒಂದೇ ಹಾಳೆ:
"ಹತ್ತು ಐದರಿಂದ ಹತ್ತು ಮೂವತ್ತೈದು. ಮಗು ಎದ್ದಿದೆ.
ಮೊದಲ ಇಪ್ಪತ್ತು ನಿಮಿಷ ಏನೂ ಆಗಲಿಲ್ಲ.
ಆಮೇಲೆ ರೆಮಿ ಕುರ್ಚಿಯ ಕಾಲು ಹಿಡಿದ, ಅಂಚು ಹಿಡಿದ,
ಎದ್ದ. ಒಂದು ಆಲೂಗಡ್ಡೆ ತೆಗೆದು ಅಮ್ಮನಿಗೆ ಕೊಟ್ಟ.
ಇನ್ನೊಂದು ಕೊಟ್ಟ. ಬುಟ್ಟಿ ಬರಿದಾಗುವ ತನಕ ನಿಂತೇ ಇದ್ದ.
ಒಂದು ಕೊಳೆತಿತ್ತು. ಹಳೇ ಅಭ್ಯಾಸ, ಕೈ ಹೊರಟಿತು, ತಡೆದೆ.
ಜೋಲೀನ್ ಅದನ್ನೂ ಮಡಿಲಿಗೆ ಹಾಕಿಕೊಂಡಳು.
ನಾನು ಮಾಡಿದ್ದು: ಏನೂ ಇಲ್ಲ."

ನಾನು ವಾಪಸು ಕಳಿಸಿದ್ದಕ್ಕೇ ಅಲ್ಲವೇ
ಅದನ್ನು ನೋಡಲಾಯಿತು, ಎಂದುಕೊಳ್ಳುವ ಆಸೆ ಇದೆ.
ಆದರೆ ಯಾರೂ ಬಾರದಿದ್ದರೂ
ಅವನು ಆ ಗುರುವಾರ ಎದ್ದೇ ಏಳುತ್ತಿದ್ದ.

ಕೂಡಿದೆ. ನೂರಿಪ್ಪತ್ತು.
ಮೊಹರು ಒತ್ತಿ, ಲೈಸೆನ್ಸಿಗೆ ಹೆಸರು ಟೈಪಿಸಿದೆ.
ಮಿಶೋ. ಅವರ ಫ್ರೆಂಚಿನಲ್ಲಿ ಆ ಹೆಸರಿನ ಕೊನೆಗೆ
ಬಾಯಲ್ಲಿ ಹೇಳದ ಒಂದು ಅಕ್ಷರವಿದೆ.
ಅದನ್ನೂ ಒತ್ತಿದೆ.