ಒಣಗಲು ಹಾಕಿದ ದನಿಗಳು

ಹಳೆಯ ಟೇಪುಗಳು ಥಂಡಿ ಹಿಡಿದ ಹಪ್ಪಳದಂತೆ
ಒಂದಕ್ಕೊಂದು ಅಂಟಿಕೊಂಡಿರುತ್ತವೆ.
ಸೇಬು ಒಣಗಿಸುವ ಪೆಟ್ಟಿಗೆಯಲ್ಲಿಟ್ಟು
ಎಂಟು ಗಂಟೆ ಹದವಾಗಿ ಕಾಯಿಸಬೇಕು.
ಬಿಸಿ ಏರಿದರೆ ಮಾತು ಮುರುಟುತ್ತದೆ,
ಸಾಲದಿದ್ದರೆ ಗಾಲಿಗೆ ಮೆತ್ತಿ ಕಿರುಚುತ್ತದೆ.

ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುತ್ತೇನೆ,
ಮಧ್ಯಾಹ್ನ ಈ ನೆಲಮಾಳಿಗೆಗೆ ಇಳಿದು
ಇಲ್ಲದವರ ದನಿ ಒಣಗಲು ಹಾಕುತ್ತೇನೆ.
ಮೇಲೆ ಲುಥೆರನ್ ಚರ್ಚು, ಕೆಳಗೆ ರೇಡಿಯೊ,
ಅಂಗೈಯಗಲದ ಕಿಟಕಿಯಲ್ಲಿ
ಹೆಪ್ಪುಗಟ್ಟಿದ ಸುಪೀರಿಯರ್ ಸರೋವರದ ಒಂದು ಚೂರು.

"'ಬುಧವಾರದ ಬೆಂಚಿ'ಗೆ ನಲವತ್ತು ತುಂಬಿತು,
ನಿನಗೆ ಮೆಚ್ಚಾದ ಹತ್ತು ತುಣುಕು ಆರಿಸು,"
ಎಂದಿದ್ದಾಳೆ ಮ್ಯಾನೇಜರ್ ಕಾರ್ಲೀನ್.
"ಚಂದಾ ಕೇಳುವ ವಾರ. ಜನ ನಗಬೇಕು,
ಒಂಚೂರು ಅಳಬೇಕು, ಚೆಕ್ಕು ಬರೆಯಬೇಕು."

ನಗಲು ಇದೆ, ಬೇಕಾದಷ್ಟು.
ಎಪ್ಪತ್ತಾರರ ಕಡುಬಿನ ಜಗಳ:
ಗಣಿಗೆ ಕಟ್ಟಿಕೊಡುವ ಮಾಂಸದ ಕಡುಬಿಗೆ
ಕ್ಯಾರೆಟ್ ಹಾಕಬೇಕೋ, ಕೂಡದೋ.
ಐವತ್ತು ನಿಮಿಷ, ಮೂವತ್ತೊಂದು ಫೋನು,
ನಿರೂಪಕಿ ವರ್ನಾ ಲೆಹ್ಟೊ ಅಡಕತ್ತರಿಯ ಅಡಿಕೆ.
ಕೊನೆಗೆ ಹೆಸರು ಹೇಳದ ಒಬ್ಬ ಹೆಂಗಸು:
"ನಮ್ಮತ್ತೆ ಹಾಕ್ತಿದ್ದರು, ಅದಕ್ಕೇ ನಾನು ಹಾಕಲ್ಲ."
ಆ ದನಿ ನಮ್ಮಮ್ಮನದೆಂದು ನನಗೆ ಗುಮಾನಿ.
ಕೇಳೋಣವೆಂದರೆ ಈಗ ಯಾರನ್ನು?

ಎಂಬತ್ತೊಂದು. ಮೀನಿಗೂ ರೇಡಿಯೊ ಕೇಳಿಸುತ್ತದಾ
ಎಂದು ಮೂರನೇ ಕ್ಲಾಸಿನ ಹುಡುಗನ ಕಾಗದ.
ವರ್ನಾ ಟ್ರಾನ್ಸಿಸ್ಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ
ಹಿಮ ಕೊರೆದ ತೂತಿನಲ್ಲಿ ಇಳಿಬಿಟ್ಟಳು.
ಹವಾಮಾನ ವರದಿ ಮುಳುಗುತ್ತ ಮುಳುಗುತ್ತ
ಬುಳಬುಳ, ಬುಳಕ್.
ಚೀಲ ಸೋರಿತ್ತು. ಟ್ರಾನ್ಸಿಸ್ಟರ್ ಗಂಡನದು.
ಆ ಬೈಗುಳವೂ ಟೇಪಿನಲ್ಲಿದೆ.

ತಾಮ್ರದ ಗಣಿ ಮುಚ್ಚಿದ ವರ್ಷ
ಪಾಳಿಯ ಸೀಟಿ ಊದುತ್ತಿದ್ದ ರೈನೊ ಪೆಲ್ಕೊನೆನ್ ಬಂದಿದ್ದ.
ಹೇಗಿರುತ್ತಿತ್ತು ಅದು, ಎಂದರೆ ಮಾತಾಡಲಿಲ್ಲ,
ಉಸಿರೆಳೆದು ಬಾಯಲ್ಲೇ ಊದಿದ:
ಮೊದಲು ಹೊಟ್ಟೆ, ಆಮೇಲೆ ಮೂಗು, ಆಮೇಲೆ ಬೆಟ್ಟ.
ಮರುವಾರ ವರ್ನಾ ಕಾಗದಗಳನ್ನು ಓದುತ್ತಾಳೆ:
ಮೂವರು ಕುರ್ಚಿಯಿಂದೆದ್ದು ಬೂಟು ಹುಡುಕಿದ್ದರಂತೆ.

ಇನ್ನು ಐನಾರ್ ಸೋಡರ್ಬರ್ಗ್.
ಹತ್ತೊಂಬತ್ತು ಚಳಿಗಾಲ, ಪ್ರತಿ ಬುಧವಾರ,
ಮುಗಿಯಲು ಎರಡು ನಿಮಿಷವಿರುವಾಗ ಫೋನು,
ತನ್ನ ಜಗಲಿಯ ಥರ್ಮಾಮೀಟರಿನ ಲೆಕ್ಕ:
"ಸೊನ್ನೆಗಿಂತ ಆರು ಕೆಳಗೆ. ಬರ್ತೀನಿ."
ಅಷ್ಟೇ. ಚಳಿ ಎನ್ನುವ ಮಾತನ್ನೇ ಆಡಿದವನಲ್ಲ.
ಇಪ್ಪತ್ತನೆಯ ಚಳಿಗಾಲ, ಅದೇ ಹೊತ್ತಿಗೆ, ಬೇರೆ ಉಸಿರು:
"ನಾನು ಹುಲ್ಡಾ. ಅವರು ಮೊಳೆಯನ್ನು
ತಮ್ಮ ಎತ್ತರಕ್ಕೆ ಹೊಡೆದಿದ್ದಾರೆ.
ತಡೀರಿ, ಸ್ಟೂಲು ತರ್ತೀನಿ."

ರಿಸೀವರು ಮೇಜಿಗೆ ತಾಗಿದ ಸದ್ದು.
ಹಲಗೆಯ ಮೇಲೆ ಸ್ಟೂಲು ಎಳೆದ ಸದ್ದು.
ಬಾಗಿಲು. ಗಾಳಿ.
ನಲವತ್ತು ಸೆಕೆಂಡು ಯಾರೂ ಇಲ್ಲ.
ಮಾತಿನಮಲ್ಲಿ ವರ್ನಾ ಕೂಡ ತುಟಿ ಬಿಚ್ಚಲಿಲ್ಲ.

"ಹದಿನಾಲ್ಕು ಕೆಳಗೆ," ಎಂದಳು ಹುಲ್ಡಾ, ಏದುಸಿರಲ್ಲಿ,
"ಹದಿನೈದೂ ಇರಬಹುದು, ಕನ್ನಡಕ ಒಳಗಿದೆ."

ಕಾರ್ಲೀನ್ ಕೇಳಿ, ಮೂಗೊರೆಸಿಕೊಂಡು, ಹೇಳಿದಳು:
"ಆ ನಲವತ್ತು ಸೆಕೆಂಡು ತೆಗೆದುಬಿಡು,
ಸ್ಟೇಷನ್ನೇ ಸತ್ತಿತು ಅಂದುಕೊಳ್ತಾರೆ."
ಹೂಂ ಅಂದೆ.
ಕಡುಬಿನ ಜಗಳದಲ್ಲಿ ನಲವತ್ತು ಸೆಕೆಂಡು ತೆಗೆದೆ,
ಪಾದ್ರಿ ಮಾತಾಡಿದ ಭಾಗ.

ಇವತ್ತು ಬೆಳಿಗ್ಗೆ ಇನ್ನೂ ಕತ್ತಲು,
ಮಕ್ಕಳು ಗಾಜಿನ ಹಿಮದ ಮೇಲೆ ಉಗುರಲ್ಲಿ ಬೆಕ್ಕು ಬರೆಯುತ್ತಿದ್ದರು.
ಕನ್ನಡಿಯ ಪಕ್ಕದ ಥರ್ಮಾಮೀಟರ್ ನೋಡಿ
"ಹದಿನೇಳು ಕೆಳಗೆ," ಅಂದೆ, ಗಟ್ಟಿಯಾಗಿಯೇ.
"ಯಾರಿಗೆ ಹೇಳಿದ್ರಿ?" ಎಂದಿತು ಹಿಂದಿನ ಸೀಟಿನ ಮಗು.
ಕೂತ್ಕೋ, ಅಂದೆ. ತಿರುವು ಬರ್ತಿದೆ, ಹಿಡ್ಕೊಂಡು ಕೂತ್ಕೋ.